ಸೇನೆಯಿಂದ ವಿಶ್ವವಿದ್ಯಾಲಯಕ್ಕೆ: ಒಬ್ಬ ಜನರಲ್ ತೆರೆದ ಬಾಗಿಲು

ಪಿಯುಸಿ ರಿಸಲ್ಟ್ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮ್ಮ ಮನೆಗಳಲ್ಲಿ ಒಂದೇ ಮಾತು: "ಇನ್ನು ಓದಿ ಏನು ಮಾಡೋದು ಉಸ್ತಾದ್? ಅಂಗಡಿಗೆ ಒಬ್ಬ ಬೇಕು." ಕರಾವಳಿ ಬಿಟ್ಟು ವ್ಯಾಪಾರಕ್ಕೆಂದು ಇಲ್ಲಿಗೆ ಬಂದು ನೆಲೆಸಿದ ಮನೆಗಳ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ. ಮೆಣಸಿನಕಾಯಿ ಸೀಸನ್‌ನಲ್ಲಿ ಎಷ್ಟು ಕೈ ಇದ್ದರೂ ಸಾಲದು. ಆದರೂ ಹದಿನೆಂಟರ ಹುಡುಗನ ಮುಂದೆ ಎಷ್ಟು ಬಾಗಿಲುಗಳಿವೆ ಅನ್ನೋದನ್ನ ನೋಡದೆ ತೀರ್ಮಾನ ಮಾಡಬಾರದು. ಅದಕ್ಕಾಗಿ ಈ ವಾರ ಲೆಫ್ಟಿನೆಂಟ್ ಜನರಲ್ ಝಮೀರುದ್ದೀನ್ ಷಾ ಅವರ ಜೀವನದ ಕಡೆ ಸ್ವಲ್ಪ ನೋಡೋಣ.

ಸಿನಿಮಾ ನಟ ನಾಸಿರುದ್ದೀನ್ ಷಾ ಎಲ್ಲರಿಗೂ ಗೊತ್ತು. ಝಮೀರುದ್ದೀನ್ ಅವರ ಅಣ್ಣ. 1948ರಲ್ಲಿ ಹುಟ್ಟಿದವರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ತರಬೇತಿ ಪಡೆದು 1968ರಲ್ಲಿ ಸೇನೆಯ ತೋಪುಖಾನೆ ವಿಭಾಗದಲ್ಲಿ ಅಧಿಕಾರಿಯಾದರು. 1971ರ ಯುದ್ಧದಲ್ಲಿ ರಾಜಸ್ಥಾನದ ಲೊಂಗೇವಾಲಾ ಕಾಳಗದಲ್ಲಿ ಪಾಲ್ಗೊಂಡರು. ಸೌದಿ ಅರೇಬಿಯಾದ ನಮ್ಮ ರಾಯಭಾರ ಕಚೇರಿಯಲ್ಲಿ ಸೇನೆಯ ಪ್ರತಿನಿಧಿಯಾಗಿದ್ದರು. 2002ರ ಗುಜರಾತ್ ಗಲಭೆ ವೇಳೆ ಅಹ್ಮದಾಬಾದ್‌ಗೆ ಇಳಿದ ಸೇನಾಪಡೆಯ ಮುಖ್ಯಸ್ಥರೂ ಇವರೇ. ಕೊನೆಗೆ ಸೇನೆಯ ಉಪ ಮುಖ್ಯಸ್ಥರ ಹುದ್ದೆವರೆಗೆ ಏರಿ 2008ರಲ್ಲಿ ನಿವೃತ್ತರಾದರು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಸದಸ್ಯರಾದರು.

ಇಷ್ಟಕ್ಕೇ ಮನೆಯಲ್ಲಿ ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. 2012ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಉಪಕುಲಪತಿಯಾಗಿ ಬಂದರು, 2017ರವರೆಗೆ ಐದು ವರ್ಷ ನಡೆಸಿದರು. ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಶುರು ಮಾಡಿದ ಸಂಸ್ಥೆ ಅದು, 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಅರಬಿ, ದೀನೀ ಶಿಕ್ಷಣದ ವಿಭಾಗಗಳೂ ಇವೆ, ಝಾಕಿರ್ ಹುಸೇನ್ ಹೆಸರಿನ ಇಂಜಿನಿಯರಿಂಗ್ ಕಾಲೇಜೂ ಇದೆ. ಒಂದೇ ಕ್ಯಾಂಪಸ್ಸು, ಒಂದೇ ಅಝಾನ್.

ಸೈನಿಕನಿಗೂ ಇಂಜಿನಿಯರಿಂಗ್ ಕಾಲೇಜಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಹಳೆಯದು. 1847ರಲ್ಲಿ ರೂರ್ಕಿಯಲ್ಲಿ ನಮ್ಮ ದೇಶದ ಮೊದಲ ಇಂಜಿನಿಯರಿಂಗ್ ಕಾಲೇಜು ಶುರುವಾದಾಗ ಅದರ ಮೊದಲ ಪ್ರಿನ್ಸಿಪಾಲ್ ಮ್ಯಾಕ್‌ಲಾಗನ್ ಎಂಬ ಬ್ರಿಟಿಷ್ ಸೇನೆಯ ಇಂಜಿನಿಯರ್ ಅಧಿಕಾರಿ. ಗಂಗಾ ಕಾಲುವೆಯ ಕೆಲಸಕ್ಕೆ ಜನ ಬೇಕಿತ್ತು, ಅದಕ್ಕೇ ಆ ಕಾಲೇಜು. ಸ್ವಾತಂತ್ರ್ಯ ಬಂದ ಮೇಲೆ ಐಐಟಿ ಬಾಂಬೆಯ ಮೊದಲ ನಿರ್ದೇಶಕರಾದವರೂ ಬ್ರಿಗೇಡಿಯರ್ ಎಸ್.ಕೆ. ಬೋಸ್. ಹೊತ್ತಿಗೆ ಸರಿಯಾಗಿ ಕೆಲಸ, ಲೆಕ್ಕಕ್ಕೆ ತಪ್ಪದ ಶಿಸ್ತು ಸೇನೆಯಲ್ಲಿ ಕಲಿತದ್ದು. ಕಾಲೇಜು ಕಟ್ಟಲಿಕ್ಕೂ ಅದೇ ಬೇಕು.

ಷಾ ಅವರ ಕಾಲದ ಒಂದು ಕೆಲಸ ನಮ್ಮಂಥ ಮದ್ರಸದವರಿಗೆ ಬಹಳ ಮುಖ್ಯ. 2013ರಲ್ಲಿ ಅಲಿಗಢದಲ್ಲಿ 'ಬ್ರಿಡ್ಜ್ ಕೋರ್ಸ್' ಶುರುವಾಯಿತು. ಮದ್ರಸದಲ್ಲಿ ಆಲಿಮ್ ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಒಂದು ವರ್ಷ ಇಂಗ್ಲಿಷ್ ಮತ್ತು ಹೊಸ ವಿಷಯಗಳನ್ನ ಕಲಿಸಿ, ಪದವಿ ತರಗತಿಗೆ ಸೇರುವಂತೆ ಮಾಡುವ ಸೇತುವೆ ಅದು. ಮದ್ರಸ ಮುಗಿಸಿದವನಿಗೆ ಇಮಾಮತ್ ಒಂದೇ ದಾರಿ ಅನ್ನುವ ಮಾತಿಗೆ ಅದು ಉತ್ತರ ಕೊಟ್ಟಿತು. ಇಮಾಮತ್ ಸಣ್ಣ ಕೆಲಸ ಅಂತ ನಾವು ಹೇಳುತ್ತಿಲ್ಲ. ಆದರೆ ಬೇರೆ ದಾರಿ ಇಲ್ಲದೆ ಅಲ್ಲಿ ನಿಲ್ಲುವುದು ಬೇರೆ, ಮನಸಾರೆ ಆರಿಸಿ ನಿಲ್ಲುವುದು ಬೇರೆ.

ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಹೊಗಳಿಕೆಯಾಗುತ್ತದೆ. 2014ರ ನವೆಂಬರ್‌ನಲ್ಲಿ ಅಲ್ಲಿನ ಮಹಿಳಾ ಕಾಲೇಜಿನ ಪದವಿ ವಿದ್ಯಾರ್ಥಿನಿಯರು ಮೌಲಾನಾ ಆಝಾದ್ ಲೈಬ್ರರಿಗೆ ಪ್ರವೇಶ ಕೇಳಿದರು. ಜಾಗ ಸಾಲದು ಎಂಬ ಕಾರಣದ ಜೊತೆಗೆ, ಹುಡುಗಿಯರು ಬಂದರೆ ಹುಡುಗರು ನಾಲ್ಕು ಪಟ್ಟು ಬರುತ್ತಾರೆ ಅಂತ ಷಾ ಹೇಳಿಬಿಟ್ಟರು. ದೇಶವೆಲ್ಲ ಟೀಕೆ. ವಿಷಯ ಅಲಹಾಬಾದ್ ಹೈಕೋರ್ಟ್ ಮೆಟ್ಟಿಲೂ ಹತ್ತಿತು. ಮದ್ರಸದ ಮಕ್ಕಳಿಗೆ ಬಾಗಿಲು ತೆರೆದವರೇ ಹುಡುಗಿಯರಿಗೆ ಒಂದು ಬಾಗಿಲು ತಡೆದದ್ದು ನಮಗೂ ಪಾಠ. ಯಾಕೆಂದರೆ ನಮ್ಮ ಮನೆಗಳಲ್ಲೂ ಇದೇ ಆಗುತ್ತದೆ. ಮಗನಿಗೆ ಅಂಗಡಿ ಅಡ್ಡ ಬರುತ್ತದೆ. ಮಗಳಿಗೆ, ಅವಳದ್ದೇ ಅಲ್ಲದ ಯಾರದ್ದೋ ತಪ್ಪಿನ ಭಯ ಅಡ್ಡ ಬರುತ್ತದೆ.

ಈಗ ನಮ್ಮ ಊರಿನ ಮಾತು. ಕರಾವಳಿಯ ಪದ್ಧತಿಯಂತೆ ನಮ್ಮ ಮಕ್ಕಳು ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ. ಅಲ್ಹಮ್ದುಲಿಲ್ಲಾಹ್, ಇದು ದೊಡ್ಡ ಅನುಕೂಲ. ಎರಡೂ ಕೈ ತಪ್ಪುವುದಿಲ್ಲ. ಆದರೆ ಹತ್ತನೇ ಕ್ಲಾಸ್ ಆದ ಮೇಲೆ ಶಾಲೆ ಬಿಡಿಸಿ ಪೂರ್ತಿ ದರ್ಸಿಗೆ ಹಾಕುವವರು ಒಂದು ವಿಷಯ ನೆನಪಿಡಬೇಕು. ಬ್ರಿಡ್ಜ್ ಕೋರ್ಸ್ ಇಂಜಿನಿಯರಿಂಗ್‌ಗೆ ಕರೆದೊಯ್ಯುವ ದಾರಿಯಲ್ಲ. ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬೇಕೇ ಬೇಕು. ದರ್ಸಿನ ಜೊತೆಗೇ ಪಿಯುಸಿ ಓದಿಸುವ ಸಂಸ್ಥೆಗಳು ಇವೆ, ಅಂಥದ್ದನ್ನ ಹುಡುಕಿ. ನಾವೂ ದೀನೀ ಓದಿನ ಜೊತೆ ಪಿಯುಸಿ ಮಾಡಿದವರೇ, ಒಂದರಿಂದ ಇನ್ನೊಂದು ಕೆಡಲಿಲ್ಲ.

ಇಂಜಿನಿಯರಿಂಗ್‌ಗೆ ಈಗ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹಾವೇರಿ ಹತ್ತಿರ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ರಾಣೆಬೆನ್ನೂರಲ್ಲಿ ತರಳಬಾಳು ಸಂಸ್ಥೆಯ ಎಸ್‌ಟಿಜೆಐಟಿ ಇದೆ. ಬ್ಯಾಡಗಿ ಹುಡುಗ ಹುಡುಗಿಯರು ಮನೆಯಿಂದಲೇ ಹೋಗಿ ಬರಬಹುದು. ಸಿಇಟಿ ಅರ್ಜಿಗೆ ಮೊದಲೇ 2ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಫೀಸಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯನ್ನ ಕೇಳಿ ನೋಡಿ.

ಸೇನೆಯ ದಾರಿಯೂ ಇದೆ. ಪಿಯುಸಿ ಸೈನ್ಸ್‌ನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ ಕನಿಷ್ಠ 60 ಪರ್ಸೆಂಟ್ ತೆಗೆದು ಜೆಇಇ ಮೇನ್ ಬರೆದ ಹುಡುಗರಿಗೆ ಟೆಕ್ನಿಕಲ್ ಎಂಟ್ರಿ ಸ್ಕೀಮ್ ಇದೆ. ಎಸ್‌ಎಸ್‌ಬಿ ಸಂದರ್ಶನ, ವೈದ್ಯಕೀಯ ಪರೀಕ್ಷೆ ಪಾಸಾದರೆ ತರಬೇತಿ ಜೊತೆಗೇ ಇಂಜಿನಿಯರಿಂಗ್ ಪದವಿ, ಖರ್ಚು ಸರ್ಕಾರದ್ದು. ಬೆಂಗಳೂರಲ್ಲೇ ಎಸ್‌ಎಸ್‌ಬಿ ಕೇಂದ್ರವಿದೆ. ನಮ್ಮ ಹುಡುಗರು ಇದನ್ನ ಕೇಳಿಯೇ ಇರುವುದಿಲ್ಲ, ಕೇಳಿದವರು "ನಮಗೆಲ್ಲಿ ಸಿಗುತ್ತೆ" ಅಂತ ಅರ್ಜಿಯನ್ನೇ ಹಾಕುವುದಿಲ್ಲ.

ಷಾ ತಮ್ಮ ಆತ್ಮಕಥೆಗೆ 'ದಿ ಸರ್ಕಾರಿ ಮುಸಲ್ಮಾನ್' ಅಂತ ಹೆಸರಿಟ್ಟರು. ಸರ್ಕಾರಿ ಹುದ್ದೆಯಲ್ಲಿರುವ ನಮ್ಮವರನ್ನ ನಮ್ಮವರೇ ಹಂಗಿಸುವ ಮಾತು ಅದು. ಅದನ್ನೇ ಅವರು ಪುಸ್ತಕದ ಮೇಲೆ ದೊಡ್ಡದಾಗಿ ಬರೆಸಿದರು. ಹಂಗಿಸುವವರು ಹಂಗಿಸಲಿ, ಹುಡುಗ ಅರ್ಜಿ ಹಾಕಲಿ.

ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಪಿಯುಸಿ ಆದ ಮಗನನ್ನ ಗಲ್ಲದ ಮೇಲೆ ಕೂರಿಸುವ ಮೊದಲು, ಮಗಳಿಗೆ ಗಂಡು ನೋಡುವ ಮೊದಲು, ಒಂದು ಸಂಜೆ ಅವರನ್ನ ಎದುರು ಕೂರಿಸಿ ಕೇಳಿ: "ನಿನಗೇನು ಓದಬೇಕು?" ಅಲ್ಲಾಹನು ನಮ್ಮ ಮಕ್ಕಳಿಗೆ ದೀನಿಗೂ ದುನಿಯಾಕ್ಕೂ ಉಪಕಾರವಾಗುವ ಇಲ್ಮ್ ಕರುಣಿಸಲಿ, ಆಮೀನ್.