ಗೇಮ್‌ನಲ್ಲೂ ಯುದ್ಧಾಪರಾಧ ಇದೆಯೇ? ಚೆನ್ನೈನ ಎಂಡೆನ್ ಫಲಕ ನೆನಪಿಸುವುದೇನು

ಚೆನ್ನೈ: ವಿಡಿಯೊ ಗೇಮ್‌ನಲ್ಲಿ ರಾಕ್ಷಸರ ಊರಿಗೆ ಬೆಂಕಿ ಇಟ್ಟರೆ ಅದು ಯುದ್ಧಾಪರಾಧವೇ? ಉತ್ತರದ ಸುಳಿವು ಪ್ಯಾರೀಸ್ ಕಾರ್ನರ್‌ನಲ್ಲಿದೆ.

ಇಲ್ಲಿನ ಹೈಕೋರ್ಟ್ ಗೋಡೆಯಲ್ಲಿರುವ ಫಲಕ, 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಯುದ್ಧನೌಕೆ ಎಂಡೆನ್ ನಡೆಸಿದ ಶೆಲ್ ದಾಳಿಯ ಗುರುತು. ನೌಕೆಯ ಗುರಿ ಬರ್ಮಾ ಆಯಿಲ್ ಕಂಪನಿಯ ತೈಲ ಟ್ಯಾಂಕ್‌ಗಳು. ಸೆರೆಹಿಡಿದ ಹಡಗುಗಳ ಸಿಬ್ಬಂದಿಯ ಜೀವ ಉಳಿಸುತ್ತಿದ್ದ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲ್ಲರ್ ಅವರನ್ನು ಶತ್ರುಗಳೂ ಮೆಚ್ಚಿದ್ದರು. ಆದರೂ ಅಂದು ಬಂದರಿನಲ್ಲಿ ಸಾವು ಸಂಭವಿಸಿತು.

ಇಂದಿನ ಯುದ್ಧ ಕಾನೂನು ಮುಖ್ಯವಾಗಿ ಕೇಳುವುದು ಎರಡು ಪ್ರಶ್ನೆ. ಗುರಿ ಸೇನೆಗೆ ಸಂಬಂಧಿಸಿದ್ದೇ? ನಾಗರಿಕರಿಗೆ ಆಗುವ ಹಾನಿ ಮಿತಿಮೀರುತ್ತದೆಯೇ? ಎದುರಾಳಿಯ ಕುಲ ಯಾವುದು ಎಂದು ಅದು ಕೇಳುವುದಿಲ್ಲ.

ಮಾಯಾಲೋಕದ ಹಲವು ಗೇಮ್‌ಗಳಲ್ಲಿ ಇದು ತಿರುಗುಮುರುಗು. ‘ದುಷ್ಟ ಕುಲ’ ಎಂಬ ಹಣೆಪಟ್ಟಿ ಇದ್ದರೆ ಸಾಕು, ಓಡುವವರನ್ನು ಕೊಂದರೂ ಅಂಕ ಸಿಗುತ್ತದೆ.

ಗೇಮ್‌ನಲ್ಲಿ ನಿಜವಾಗಿ ಯಾರೂ ಸಾಯುವುದಿಲ್ಲ. ಹಾಗಾಗಿ ಕಾನೂನಿನ ಪ್ರಕಾರ ಅಪರಾಧವೂ ಇಲ್ಲ. ಆದರೂ 2023ರಲ್ಲಿ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಶೂಟಿಂಗ್ ಗೇಮ್ ಆಡುವವರಿಗೆ ಮನವಿ ಮಾಡಿತು: ನೆಲಕ್ಕೆ ಬಿದ್ದ ಎದುರಾಳಿಗೆ ಗುಂಡು ಹಾರಿಸಬೇಡಿ, ನಾಗರಿಕರ ಕಟ್ಟಡಗಳನ್ನು ಕೆಡವಬೇಡಿ, ಗಾಯಾಳು ಶತ್ರುವಾದರೂ ಚಿಕಿತ್ಸೆ ಕೊಡಿ.

ಇಡೀ ಕುಲವೇ ಶತ್ರು ಎಂಬ ಮಾತು ನಿಜವಾದ ಯುದ್ಧಗಳಲ್ಲೂ ಕೇಳಿಬಂದಿದೆ. ಅಲ್ಲಿ ಸತ್ತವರು ಮತ್ತೆ ಆಟಕ್ಕೆ ಮರಳಲಿಲ್ಲ.