ಕನ್ನಡದಲ್ಲಿ ಓದು ಕಲಿಯುವ ಬಗೆ: ಅಕ್ಷರ, ಧ್ವನಿ ಮತ್ತು ಅಳತೆಯ ಪ್ರಶ್ನೆ

ಶಾಲಾ ಶಿಕ್ಷಣವನ್ನು ಕುರಿತ ಸಾರ್ವಜನಿಕ ಚಿಂತನೆಯು ನಮ್ಮ ದೇಶದಲ್ಲಿ ಬಹುಕಾಲ ಕಟ್ಟಡ, ಶಿಕ್ಷಕ ಮತ್ತು ದಾಖಲಾತಿಗಳ ಸುತ್ತಲೇ ನಡೆಯಿತು. 1991ರಲ್ಲಿ ದವೆ ಸಮಿತಿಯು ಕನಿಷ್ಠ ಕಲಿಕಾ ಮಟ್ಟಗಳನ್ನು ನಿರೂಪಿಸಿದ್ದುಂಟು. ಆದರೂ 1994ರ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, 2001ರ ಸರ್ವ ಶಿಕ್ಷಾ ಅಭಿಯಾನ ಹಾಗೂ 2009ರ ಶಿಕ್ಷಣ ಹಕ್ಕು ಕಾಯಿದೆಗಳ ಮುಖ್ಯ ಒತ್ತಾಸೆ ಮಗುವನ್ನು ಶಾಲೆಯ ಒಳಗೆ ತರುವುದೇ ಆಗಿತ್ತು. ಒಳಗೆ ಬಂದ ಮಗು ಓದಬಲ್ಲುದೇ ಎಂಬ ಪ್ರಶ್ನೆಯನ್ನು 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯು ಮನೆಮನೆಗೆ ಹೋಗಿ ಕೇಳಿತು. ಸರ್ಕಾರಿ ಶಾಲೆಯ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಗ್ರಾಮೀಣ ಭಾರತದಲ್ಲಿ 2018ರಲ್ಲಿ ಶೇ. 20.9 ಇದ್ದು, ಕೋವಿಡ್ ನಂತರದ 2022ರಲ್ಲಿ ಶೇ. 16.3ಕ್ಕೆ ಇಳಿದು, 2024ರಲ್ಲಿ ಶೇ. 23.4ಕ್ಕೆ ಏರಿದರೆಂದು ಅದರ ವರದಿಗಳು ತಿಳಿಸುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2021ರ ‘ನಿಪುಣ ಭಾರತ’ ಯೋಜನೆಯೂ ಮೂಲಭೂತ ಸಾಕ್ಷರತೆಯನ್ನು ಮೊದಲ ಆದ್ಯತೆಯಾಗಿ ಸ್ವೀಕರಿಸಿದ್ದು ಇಂಥ ಅಂಕಿಗಳ ಹಿನ್ನೆಲೆಯಲ್ಲಿಯೇ.

ಈ ಬದಲಾವಣೆ ಸ್ವಾಗತಾರ್ಹವಾದುದು. ಆದರೆ ಓದನ್ನು ಅಳೆಯಲು ನಾವು ಬಳಸುವ ಕೋಲು ಯಾವ ಭಾಷೆಯ ಅನುಭವದಲ್ಲಿ ರೂಪುಗೊಂಡಿತು ಎಂಬುದನ್ನು ವಿಚಾರಿಸದೆ ಕನ್ನಡದ ಮಗುವಿನ ಮೇಲೆ ತೀರ್ಪು ಕೊಡುವುದು ಸರಿಯಾಗಲಾರದು. ಹೊರನಾಡಿನಲ್ಲಿದ್ದು ಕನ್ನಡದ ಕಲಿಕೆಯನ್ನು ಅಭ್ಯಸಿಸುವವರಿಗೆ ಈ ವಿಚಾರಣೆ ಇನ್ನೂ ಅಗತ್ಯವಾದುದೆಂದು ನಮ್ಮ ಅಭಿಪ್ರಾಯ.

ಓದಿನ ಕಲಿಕೆಯನ್ನು ಕುರಿತ ಆಧುನಿಕ ಸಂಶೋಧನೆಯ ಬಹುಪಾಲು ಇಂಗ್ಲಿಷನ್ನು ಆಧರಿಸಿದೆ. ಅಲ್ಲಿ ಒಂದೊಂದು ಲಿಪಿಚಿಹ್ನೆಯೂ ಸ್ಥೂಲವಾಗಿ ಒಂದೊಂದು ಧ್ವನಿಮಾವನ್ನು ಸೂಚಿಸುವುದರಿಂದ, ಪದವನ್ನು ಧ್ವನಿಮಾಗಳಾಗಿ ಬಿಡಿಸುವ ಅರಿವೇ ಓದಿನ ಅಡಿಗಲ್ಲೆಂಬ ನಿರ್ಣಯಕ್ಕೆ ವಿದ್ವಾಂಸರು ಬಂದರು. 2000ದಲ್ಲಿ ಹೊರಬಂದ ಅಮೆರಿಕದ ರಾಷ್ಟ್ರೀಯ ಓದು ಮಂಡಳಿಯ ವರದಿಯು ಧ್ವನಿಮಾಪ್ರಜ್ಞೆಗೆ ಮಹತ್ವದ ಸ್ಥಾನವಿತ್ತಿತು. ಆದರೆ ಈ ಪ್ರಜ್ಞೆ ಓದಿಗೆ ಕಾರಣವೋ ಓದಿನ ಫಲವೋ ಎಂಬ ಸಂದೇಹ ಹಳೆಯದು. ಪೋರ್ಚುಗಲ್ಲಿನ ಅನಕ್ಷರಸ್ಥ ವಯಸ್ಕರು ಪದದ ಮೊದಲ ಧ್ವನಿಯನ್ನು ಕಿತ್ತುಹಾಕಲು ತೊಡಕುಪಡುತ್ತಾರೆಂಬುದನ್ನು, ದೊಡ್ಡವರಾದ ಮೇಲೆ ಅಕ್ಷರ ಕಲಿತವರು ಅದನ್ನು ಮಾಡಬಲ್ಲರೆಂಬುದನ್ನು ಮೊರೈಸ್ ಮತ್ತು ಸಂಗಡಿಗರು 1979ರಲ್ಲಿಯೇ ತೋರಿಸಿದ್ದರು. ಓದಿನ ವಿಜ್ಞಾನವು ಇಂಗ್ಲಿಷೆಂಬ ಅಪವಾದವನ್ನೇ ನಿಯಮವೆಂದು ಭಾವಿಸಿದೆಯೆಂದು ಡೇವಿಡ್ ಶೇರ್ 2008ರಲ್ಲಿ ವಿಸ್ತಾರವಾಗಿ ಆಕ್ಷೇಪಿಸಿದರು.

ಕನ್ನಡದ ಸಂಗತಿಯೇ ಬೇರೆ. ನಮ್ಮ ಬರವಣಿಗೆಯ ಘಟಕ ಧ್ವನಿಮಾವಲ್ಲ, ಅಕ್ಷರ. ‘ಕಮಲ’ದಿಂದ ‘ಕ’ವನ್ನು ತೆಗೆದು ಹೇಳೆಂದರೆ ಮಗು ‘ಮಲ’ ಎಂದೀತು. ‘ಕ್’ ಅನ್ನು ಮಾತ್ರ ತೆಗೆದು ‘ಅಮಲ’ ಎನ್ನಬೇಕಾದರೆ, ಬರಹದಲ್ಲಿ ಒಂದಾಗಿರುವುದನ್ನು ಮನಸ್ಸಿನಲ್ಲಿ ಎರಡಾಗಿ ಸೀಳಬೇಕು. ಇನ್ನು ಚಿಹ್ನೆಗಳ ಸಂಖ್ಯೆ. 34 ವ್ಯಂಜನಗಳ ಕಾಗುಣಿತವೊಂದೇ ನಾನೂರನ್ನು ದಾಟುತ್ತದೆ. ಒತ್ತಕ್ಷರಗಳು ಅದರ ಮೇಲೆ. ಈ ರಾಶಿಗೆ ನಿಯಮವಿದೆ, ನಿಜ. ಆದರೆ ನಿಯಮಕ್ಕೆ ಅಲ್ಲಲ್ಲಿ ಮಡಿಕೆಗಳೂ ಇವೆ. ‘ವ’ಕ್ಕೆ ಇತರ ವ್ಯಂಜನಗಳಂತೆ ಬಲಬದಿಯಲ್ಲಿ ಕೊಂಬನ್ನಿತ್ತರೆ ಅದು ‘ಮ’ ಆಗಿಬಿಡುವ ಕಾರಣ ‘ವು’ದಲ್ಲಿ ಕೊಂಬು ಕೆಳಗಿಳಿದಿದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲರೂಪವನ್ನು ಹೋಲುವುದಿಲ್ಲ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಅರ್ಕಾವತ್ತಾಗಿ ಕೊನೆಯಲ್ಲಿ ಬರೆಯುತ್ತೇವೆ. ‘ಅಕ್ಕ’ ಎಂಬಷ್ಟು ಎಳೆಯ ಪದದಲ್ಲಿಯೂ ಬಾಯಿ ‘ಅಕ್-ಕ’ ಎಂದು ಒಡೆದರೆ ಲಿಪಿ ‘ಅ-ಕ್ಕ’ ಎಂದು ಒಡೆಯುತ್ತದೆ. ಒತ್ತಕ್ಷರದಲ್ಲಿ ಎಡವುವ ಮಗುವನ್ನು ಅಜಾಗರೂಕ ಎನ್ನುವ ಮೊದಲು ಇದನ್ನು ನೆನೆಯಬೇಕು. ಅದು ಕಿವಿಯನ್ನು ನಂಬಿ ಎಡವಿರಬಹುದು.

ಈ ದಿಸೆಯ ಕನ್ನಡದ ಅಧ್ಯಯನಗಳಲ್ಲಿ ಎರಡನ್ನು ಇಲ್ಲಿ ಮುಖ್ಯವಾಗಿ ಪ್ರಸ್ತಾಪಿಸುತ್ತೇವೆ. ಪಿ. ಪ್ರಕಾಶ್, ಪ್ರತಿಭಾ ಕಾರಂತ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕನ್ನಡವನ್ನು ಚೆನ್ನಾಗಿ ಓದಬಲ್ಲವರೂ ಧ್ವನಿಮಾವನ್ನು ಬೇರ್ಪಡಿಸುವ ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆ. ಉಚ್ಚಾರಾಂಶದ ಮಟ್ಟದಲ್ಲಿ ಅವರಿಗೆ ಅಂಥ ತೊಡಕಿಲ್ಲ. ಸೋನಾಲಿ ನಾಗ್ ಅವರು 2007ರಲ್ಲಿ ಕನ್ನಡ ಮಕ್ಕಳ ಆರಂಭಿಕ ಓದಿನ ವೇಗವನ್ನು ಪರಿಶೀಲಿಸಿ, ಇಂಗ್ಲಿಷ್ ಮಕ್ಕಳು ಅಕ್ಷರಮಾಲೆಯನ್ನು ವಶಪಡಿಸಿಕೊಳ್ಳುವ ಅವಧಿಗೆ ಹೋಲಿಸಿದರೆ ಕನ್ನಡದ ಅಕ್ಷರಜ್ಞಾನವು ಬಹಳ ದೀರ್ಘವಾದ ಹಾದಿಯೆಂದು, ಅದು ನಾಲ್ಕನೆಯ ತರಗತಿಯವರೆಗೂ ಚಾಚುತ್ತದೆಂದು ಸ್ಥಾಪಿಸಿದರು. ಧ್ವನಿಮಾಪ್ರಜ್ಞೆ ಕನ್ನಡದಲ್ಲಿ ಇಲ್ಲವೆಂದಲ್ಲ, ನಿಧಾನವಾಗಿ ಮೂಡುತ್ತದೆ. ಸ್ವರಚಿಹ್ನೆ ಬದಲಾದಂತೆ ಧ್ವನಿಯ ಒಂದು ಭಾಗ ಮಾತ್ರ ಬದಲಾಗುವುದನ್ನು ಕಾಗುಣಿತದಲ್ಲಿ ಮತ್ತೆ ಮತ್ತೆ ಕಂಡ ಮಗುವಿಗೆ ಅಕ್ಷರದ ಒಳಮೈ ಕ್ರಮೇಣ ತೆರೆದುಕೊಳ್ಳುತ್ತದೆಂದು ಇದನ್ನು ವಿವರಿಸಬಹುದು. ಹಾಗಾದರೆ ನಾಲ್ಕು ವರ್ಷಗಳ ಹಾದಿಯನ್ನು ಎರಡು ವರ್ಷಗಳಲ್ಲಿ ಮುಗಿಸದ ಮಗುವನ್ನು ‘ಹಿಂದುಳಿದದ್ದು’ ಎನ್ನುವಾಗ ನಾವು ಯಾರಿಗಿಂತ ಹಿಂದೆ ಎಂದು ಹೇಳುತ್ತಿದ್ದೇವೆ?

ಬೋಧನೆಯ ಕ್ರಮಕ್ಕೂ ಈ ಪ್ರಶ್ನೆಗೂ ಹತ್ತಿರದ ಸಂಬಂಧವಿದೆ. ವರ್ಣಮಾಲೆಯ ಜೋಡಣೆ ಧ್ವನಿಶಾಸ್ತ್ರದ ದೃಷ್ಟಿಯಿಂದ ಅನುಪಮವಾದುದು. ಆದರೆ ಅದು ಉಚ್ಚಾರಣೆಯ ಸ್ಥಾನಗಳ ಪಟ್ಟಿ, ಎಳೆಯ ಓದುಗನ ಪಠ್ಯವಲ್ಲ. ಙ, ಞಗಳನ್ನು ಕಲಿತ ಮಗುವಿಗೆ ಅವುಗಳಿಂದ ಕಟ್ಟಲು ಪದವೇ ಸಿಗದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ಮುಂದೆ ರಾಜ್ಯವ್ಯಾಪಿಯಾದ ‘ನಲಿ ಕಲಿ’ ಪದ್ಧತಿಯಲ್ಲಿ ಪರಿಚಿತವಾಗಿರುವ ‘ರ, ಗ, ಸ, ದ, ಅ’ ಎಂಬ ಆರಂಭವು ಬರೆವಣಿಗೆಯ ಸುಲಭತೆಯನ್ನೂ ಬಳಕೆಯನ್ನೂ ಅನುಸರಿಸುತ್ತದೆ. ಐದು ಅಕ್ಷರ ಬಂದೊಡನೆ ಸರ, ಅರಸ, ಅಗಸ, ಗರಗಸಗಳನ್ನು ಓದಬಹುದು. ಕ್ರಮ ತಪ್ಪಿತೆಂದು ಹಿರಿಯರು ಗೊಣಗಿದ್ದುಂಟು. ವರ್ಣಮಾಲೆಯನ್ನು ಆಮೇಲೆ ಕಲಿಸಿದರೆ ಅದರ ಗೌರವಕ್ಕೇನೂ ಕುಂದಿಲ್ಲವೆಂದೇ ನಾವು ತಿಳಿಯುತ್ತೇವೆ.

ಅಳತೆಯ ವಿಷಯಕ್ಕೆ ಬರೋಣ. ನಿಪುಣ ಭಾರತದ ಮಾರ್ಗಸೂಚಿಯು ಮೂರನೆಯ ತರಗತಿಯ ಅಂತ್ಯಕ್ಕೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದುವ ಗುರಿಯನ್ನಿಟ್ಟಿತು. ‘ಹೋಗಬೇಕಾಗಿತ್ತಂತೆ’ ಎಂಬುದು ಕನ್ನಡದಲ್ಲಿ ಒಂದು ಪದ. ಅದನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಹೇಳಲು ನಾಲ್ಕಾರು ಪದಗಳು ಬೇಕು. ವಿಭಕ್ತಿ, ಕಾಲ, ವಿಧಿ, ಅವಧಾರಣೆಗಳೆಲ್ಲ ಪ್ರಕೃತಿಗೆ ಅಂಟಿಕೊಳ್ಳುವ ದ್ರಾವಿಡ ಭಾಷೆಗಳಲ್ಲಿ ಪದದ ಎಣಿಕೆ ವೇಗದ ಎಣಿಕೆಯಾಗದು. 2022ರಲ್ಲಿ ಎನ್.ಸಿ.ಇ.ಆರ್.ಟಿ. 20 ಭಾಷೆಗಳಲ್ಲಿ ನಡೆಸಿದ ಮೂಲಭೂತ ಕಲಿಕೆಯ ಅಧ್ಯಯನವು ಭಾಷೆಭಾಷೆಗೆ ಪ್ರತ್ಯೇಕ ಮಟ್ಟಗಳನ್ನು ಗೊತ್ತುಪಡಿಸಿದ್ದು ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ. ಅಸರ್ ಪರೀಕ್ಷೆ ವೇಗವನ್ನು ಎಣಿಸುವುದಿಲ್ಲ. ಅದರ ಮಿತಿ ಬೇರೆಡೆ ಇದೆ. ಬಿಡಿ ಅಕ್ಷರ, ಎರಡಕ್ಷರದ ಸರಳ ಪದ, ಬಳಿಕ ವಾಕ್ಯವೃಂದ ಮತ್ತು ಕಥೆ ಎಂಬ ಅದರ ಮೆಟ್ಟಿಲುಗಳ ನಡುವೆ ಮಗು ಕಾಗುಣಿತದಲ್ಲಿ ನಿಂತಿತೋ ಒತ್ತಿನಲ್ಲಿ ನಿಂತಿತೋ ತಿಳಿಯದು. ಶಿಕ್ಷಕರಿಗೆ ಬೇಕಾದದ್ದು ಅದೇ.

ಹೊರನಾಡಿನ ಸನ್ನಿವೇಶ ಇನ್ನೂ ಸಂಕೀರ್ಣ. ಮುಂಬಯಿಯ ಮಹಾನಗರಪಾಲಿಕೆಯು ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದ್ದು, ಕನ್ನಡವೂ ಅವುಗಳಲ್ಲೊಂದು. ಅಲ್ಲಿಯ ಕನ್ನಡ ಮಗು ದೇವನಾಗರಿಯನ್ನೂ ರೋಮನ್ ಲಿಪಿಯನ್ನೂ ಕನ್ನಡದ ಒಡನೆಯೇ ಕಲಿಯಬೇಕು. ಕಾಗುಣಿತದ ತತ್ತ್ವ ಎರಡು ಲಿಪಿಗಳಿಗೂ ಸಮಾನವಾದ್ದರಿಂದ ಒಂದರ ಕಲಿಕೆ ಇನ್ನೊಂದಕ್ಕೆ ನೆರವಾಗಬಹುದು. ತೊಡಕೂ ಆಗಬಹುದು: ನಾಗರಿಯಲ್ಲಿ ಸಂಯುಕ್ತಾಕ್ಷರದ ಮೊದಲ ವ್ಯಂಜನ ಅರ್ಧವಾಗುತ್ತದೆ, ಕನ್ನಡದಲ್ಲಿ ಎರಡನೆಯದು ಕೆಳಗಿಳಿಯುತ್ತದೆ, ಮರಾಠಿ, ಹಿಂದಿಗಳ ಬರಹದಲ್ಲಿ ಎ-ಏ, ಒ-ಓ ಭೇದವಿಲ್ಲ, ಪದಾಂತ್ಯದ ಅಕಾರ ಬರಹದಲ್ಲಿದ್ದರೂ ಅಲ್ಲಿ ಬಾಯಿಗೆ ಬಾರದು. ಮುಂಬಯಿ, ಪುಣೆ, ದೆಹಲಿಗಳ ಮಗು ‘ಕಮಲ’ವನ್ನು ‘ಕಮಲ್’ ಎಂದು ಓದಿದರೆ ಅದು ಅಕ್ಷರದ ಅಜ್ಞಾನವೋ ನೆರೆಭಾಷೆಯ ಜ್ಞಾನವೋ? ಚೆನ್ನೈಯಲ್ಲಿ ಪ್ರಶ್ನೆ ಬೇರೆ. ತಮಿಳು ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರ. ಒತ್ತಿನ ಬದಲು ಪುಳ್ಳಿಯಿಟ್ಟು ವ್ಯಂಜನಗಳನ್ನು ಸಾಲಾಗಿ ಬರೆಯುವುದರಿಂದ ‘ಅಕ್ಕ’ ಎಂಬುದು ಬಾಯಿ ಒಡೆಯುವಂತೆಯೇ ಒಡೆಯುತ್ತದೆ. ಹೈದರಾಬಾದಿನ ತೆಲುಗು ಲಿಪಿ ಕನ್ನಡದ ಅವಳಿಯಂತಿದ್ದರೂ ‘ಸೂರ್ಯ’ವನ್ನು ಇಂದಿನ ತೆಲುಗು ಉಚ್ಚಾರಣೆಯ ಕ್ರಮದಲ್ಲಿಯೇ, ರಕಾರಕ್ಕೆ ಯಕಾರದ ಒತ್ತಿತ್ತು ಬರೆಯುತ್ತದೆ.

ಒಂದೇ ಭಾಷೆಯ ಮಕ್ಕಳು ಬೇರೆ ಬೇರೆ ಲಿಪಿಗಳ ನೆರೆಯಲ್ಲಿ ಓದು ಕಲಿಯುವ ಇಂಥ ಅವಕಾಶ ಕರ್ನಾಟಕದ ಒಳನಾಡಿನ ಸಂಶೋಧಕರಿಗೆ ದೊರೆಯುವಂಥದಲ್ಲ. ಇದಕ್ಕೆ ದೊಡ್ಡ ಸಲಕರಣೆಯೂ ಬೇಡ. ಬಿಡಿ ಅಕ್ಷರ, ಕಾಗುಣಿತ, ಸಜಾತೀಯ ಒತ್ತು, ವಿಜಾತೀಯ ಒತ್ತು, ಅರ್ಕಾವತ್ತುಗಳಿರುವ ಪದಗಳ ಪಟ್ಟಿಯನ್ನು ಒಂದೇ ಮಗುವಿನಿಂದ ವರ್ಷಕ್ಕೆರಡು ಸಲ ಓದಿಸಿ, ಸರಿ-ತಪ್ಪು ಎಂಬ ಗುರುತಿನ ಬದಲು ಮಗು ನುಡಿದದ್ದನ್ನು ನುಡಿದಂತೆಯೇ ಬರೆದಿಟ್ಟುಕೊಳ್ಳಬೇಕು. ಮನೆಯ ಮಾತು ಯಾವುದು, ಯಾವ ಲಿಪಿಯನ್ನು ಮೊದಲು ಕಲಿಯಿತು ಎಂಬುದನ್ನೂ ಅದರ ಪಕ್ಕದಲ್ಲಿ ದಾಖಲಿಸಬೇಕು. ಕನ್ನಡ ಮಾಧ್ಯಮದ ತರಗತಿಗಳು ಇನ್ನೂ ನಡೆಯುತ್ತಿರುವ ನಗರಗಳಲ್ಲಿ ಈ ಕೆಲಸವನ್ನು ಮೊದಲು ಕೈಗೊಳ್ಳುವುದು ಯುಕ್ತ.