ಅನುಬಂಧದಲ್ಲಿ ಅಡಗಿದ್ದ ಹಬ್ಬ

ದಿನಾಂಕ! ಗುಟ್ಟೆಲ್ಲ ಒಂದು ಒಣ ದಿನಾಂಕಪಟ್ಟಿಯೊಳಗಿದೆ! ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿದ ಎಷ್ಟು ಮಂದಿ ಕೊನೆಯ ಅನುಬಂಧಗಳತ್ತ ಕಣ್ಣು ಹಾಯಿಸಿದ್ದಾರೋ ಕಾಣೆ. ಲೋಕವನ್ನೇ ಕೆಡಿಸಬಲ್ಲ ಆ ದುಷ್ಟ ಉಂಗುರ ಬೆಂಕಿಗೆ ಬಿತ್ತೋ, ಪುಸ್ತಕ ಕಪಾಟಿಗೆ ಹೋಯಿತು. ಒಮ್ಮೆ ತೆರೆದು ನೋಡಿ: ಅದನ್ನು ನಾಶಮಾಡಲು ಉಂಗುರ ಹೊತ್ತ ತಂಡ ರಿವೆಂಡೆಲ್ ಎಂಬ ನೆಲೆ ಬಿಟ್ಟದ್ದು ಡಿಸೆಂಬರ್ 25ರಂದು. ಉಂಗುರ ಕರಗಿದ್ದು ಮಾರ್ಚ್ 25ರಂದು!

ಮೊದಲನೆಯದು ಕ್ರಿಸ್ಮಸ್, ಸರಿ. ಎರಡನೆಯದು? ದೇವದೂತ ಗಬ್ರಿಯೇಲ ಕನ್ಯೆ ಮರಿಯಳಿಗೆ ಮಂಗಳವಾರ್ತೆ ಸಾರಿದ ಹಬ್ಬ! ಯೇಸು ಶಿಲುಬೆಯಲ್ಲಿ ಪ್ರಾಣಬಿಟ್ಟದ್ದೂ ಅದೇ ದಿನವೆಂದು ಮಧ್ಯಯುಗದಲ್ಲಿ ನಂಬುತ್ತಿದ್ದರು. 1751ರವರೆಗೆ ಇಂಗ್ಲೆಂಡಿನ ಕಾನೂನು ಪ್ರಕಾರ ಹೊಸ ವರ್ಷವೂ ಅಂದೇ. ಉಂಗುರ ನಾಶವಾದ ಮೇಲೆ ಕಥೆಯ ಗಾಂಡೋರ್ ರಾಜ್ಯ ವರ್ಷ ಶುರುಮಾಡುವುದು ಯಾವತ್ತು ಹೇಳಿ? ಮಾರ್ಚ್ 25ಕ್ಕೇ!

ಈ ಕಥೆ ಬರೆದವರು ಬಾಲ್ಯದಿಂದ ಕ್ಯಾಥೊಲಿಕ್, ಮಧ್ಯಯುಗದ ಇಂಗ್ಲಿಷನ್ನು ಅರೆದು ಕುಡಿದ ಆಕ್ಸ್‌ಫರ್ಡ್ ಪ್ರಾಧ್ಯಾಪಕ ಟೋಲ್ಕಿನ್. ಈ ದಿನಾಂಕಗಳು ಕಾಕತಾಳೀಯ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಕೃತಿ ಬುಡದಲ್ಲಿ ಧಾರ್ಮಿಕವೇ, ಕ್ಯಾಥೊಲಿಕ್ಕೇ ಎಂದು 1953ರಲ್ಲಿ ಪಾದ್ರಿ ಗೆಳೆಯ ರಾಬರ್ಟ್ ಮರ್ರೆಗೆ ಸ್ವತಃ ಬರೆದಿದ್ದರು. ಆದರೂ ಕಥೆಯಲ್ಲಿ ಒಂದು ಚರ್ಚಿಲ್ಲ, ಒಬ್ಬ ಪಾದ್ರಿಯಿಲ್ಲ!

ಈಗ ಉಂಗುರ ಕರಗಿದ ಆ ಬೆಂಕಿಬೆಟ್ಟಕ್ಕೆ ಬನ್ನಿ. ಅದನ್ನು ಬೆಂಕಿಗೆ ಎಸೆಯಲೆಂದೇ ಅಷ್ಟು ದೂರ ಹೊತ್ತು ನಡೆದುಬಂದ ಕಥಾನಾಯಕ ಫ್ರೋಡೊ ಅಂಚಿನಲ್ಲಿ ನಿಂತು ಏನು ಮಾಡುತ್ತಾನೆ? ಉಂಗುರ ತನ್ನದೆಂದು ತೊಟ್ಟುಕೊಳ್ಳುತ್ತಾನೆ! ನಾಯಕ ಸೋತ! ಉಂಗುರದ ಹುಚ್ಚು ಹಿಡಿದ ಗೊಲ್ಲಮ್ ಬೆರಳು ಸಮೇತ ಅದನ್ನು ಕಚ್ಚಿ ಕಿತ್ತು, ಕುಣಿದು, ಕಾಲು ಜಾರಿ ಬೆಂಕಿಗೆ ಬೀಳುತ್ತಾನೆ. ಯಾರೂ ತಳ್ಳಲಿಲ್ಲ. ಅಸಲು ಅವನು ಬದುಕಿದ್ದಾದರೂ ಯಾಕೆ? ಎಂದೋ ಕತ್ತಲ ಗುಹೆಯಲ್ಲಿ ಫ್ರೋಡೊನ ಹಿರಿಯ ಬಂಧು ಬಿಲ್ಬೊ ಕತ್ತಿ ಎತ್ತಿಯೂ ಕೊಲ್ಲದೆ ಬಿಟ್ಟ. ಆಮೇಲೆ ಫ್ರೋಡೊ ಬಿಟ್ಟ. ಬೆಟ್ಟದ ಇಳಿಜಾರಿನಲ್ಲಿ, ಅವನನ್ನು ಕಂಡರಾಗದ, ಫ್ರೋಡೊನ ಸಂಗಾತಿ ಸ್ಯಾಮ್ ಕೂಡ ಬಿಟ್ಟ! ಲೋಕ ಉಳಿದದ್ದು ಈ ಕರುಣೆಗಳಿಂದ. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ.

ನಿರ್ದೇಶಕ ಪೀಟರ್ ಜಾಕ್ಸನ್ 2003ರ ಸಿನಿಮಾದಲ್ಲಿ ಇದನ್ನು ಬದಲಿಸಿಬಿಟ್ಟರು: ಫ್ರೋಡೊ ಎದ್ದು ಗೊಲ್ಲಮ್ ಮೇಲೆ ಬೀಳುತ್ತಾನೆ, ಗುದ್ದಾಟದಲ್ಲಿ ಇಬ್ಬರೂ ಅಂಚು ದಾಟುತ್ತಾರೆ. ರೋಮಾಂಚನವೇನೋ ಆಗುತ್ತದೆ. ಆದರೆ ಕೃಪೆ ಮಾಡಿದ ಕೆಲಸದಲ್ಲಿ ಮನುಷ್ಯನ ಕೈಗೂ ಪಾಲು ಸಿಕ್ಕಿತು!

ಪುಸ್ತಕದ ಸೋಲನ್ನು ಅಂದಿನ ಓದುಗರೆಲ್ಲ ಸಹಿಸಿರಲಿಲ್ಲ. ಫ್ರೋಡೊ ಸನ್ಮಾನಕ್ಕಲ್ಲ, ಮರಣದಂಡನೆಗೆ ಯೋಗ್ಯ ಎಂದೊಬ್ಬರು ಸಿಡಿದು ಬರೆದಿದ್ದರಂತೆ! ಟೋಲ್ಕಿನ್ ತಮ್ಮ ಪತ್ರಗಳಲ್ಲಿ ಫ್ರೋಡೊನ ಪರ ವಾದಿಸಲು ನೆಚ್ಚಿದ್ದು ಯೇಸು ಕಲಿಸಿದ ಪ್ರಾರ್ಥನೆಯನ್ನು. ಅದರಲ್ಲೂ ‘ನಮ್ಮನ್ನು ಕ್ಷಮಿಸು’, ‘ಶೋಧನೆಗೆ ಒಳಪಡಿಸಬೇಡ’ ಎಂಬ ಕೋರಿಕೆಗಳನ್ನು.